ಹಿರಿಮೆಯನ್ನು ಅಳೆಯುವ ಕೋಲು ಯಾವುದು?

"ಇವರಲ್ಲಿ ದೊಡ್ಡವರು ಯಾರು?" ಎಂಬ ಪ್ರಶ್ನೆ ಬಹಳ ಹಳೆಯದು. ಹಿಂದೆ ರಾಜಸಭೆಗಳಲ್ಲಿ ಕವಿಗಳನ್ನೂ ಪಂಡಿತರನ್ನೂ ಕುರಿತು ಈ ಪ್ರಶ್ನೆ ಏಳುತ್ತಿತ್ತು. ಇಂದು ಅದು ಹೆಚ್ಚಾಗಿ ಕೇಳಿಬರುವುದು ಕ್ರೀಡಾಪಟುಗಳ ವಿಷಯದಲ್ಲಿ. ಚಾಮರಾಜನಗರದ ಹೋಟೆಲುಗಳಲ್ಲಿ, ಗುಂಡ್ಲುಪೇಟೆಯ ಬಸ್ ನಿಲ್ದಾಣದ ಸುತ್ತಮುತ್ತ, ಸಂಜೆ ಹೊಲದ ಕೆಲಸ ಮುಗಿಸಿ ಕುಳಿತವರ ಜಗಲಿಗಳ ಮೇಲೆ ಈ ವಾದ ನಡೆಯುತ್ತಲೇ ಇರುತ್ತದೆ. ಹಿರಿಯರು ಹಳೆಯ ಪೈಲ್ವಾನರ ಹೆಸರು ಹೇಳಿದರೆ ಕಿರಿಯರು ಟಿ.ವಿ.ಯಲ್ಲಿ ಕಂಡವರ ಹೆಸರು ಹೇಳುತ್ತಾರೆ. ಗೆಲುವುಗಳ ಲೆಕ್ಕ ಹಾಕುವವರು ಒಬ್ಬರಾದರೆ, ಕಾಲ ಬೇರೆ, ಹೋಲಿಕೆ ಸಲ್ಲದು ಎನ್ನುವವರು ಮತ್ತೊಬ್ಬರು. ವಾದ ಮುಗಿಯುವುದಿಲ್ಲ, ಮರುದಿನಕ್ಕೆ ಮುಂದುವರಿಯುತ್ತದೆ.

ಇದು ಕೇವಲ ಕಾಲಹರಣದ ಮಾತು ಎಂದು ತಳ್ಳಿಹಾಕುವಂತಿಲ್ಲ. ಆ ಜಗಲಿಯ ಮೂಲೆಯಲ್ಲಿ ಮನೆಯ ಮಕ್ಕಳೂ ಕುಳಿತಿರುತ್ತಾರೆ. ಯಾವುದನ್ನು ಹಿರಿಮೆ ಎನ್ನಬೇಕು, ಯಾರನ್ನು ಗೌರವಿಸಬೇಕು ಎಂಬ ಪಾಠವನ್ನು ಅವರು ಇಂತಹ ಮಾತುಗಳಿಂದಲೇ ಕಲಿಯುತ್ತಾರೆ. ಆದ್ದರಿಂದ ನಾವು ಯಾವ ಕೋಲಿನಿಂದ ಹಿರಿಮೆಯನ್ನು ಅಳೆಯುತ್ತಿದ್ದೇವೆ ಎಂಬುದನ್ನು ಕುಟುಂಬದ ಹಿರಿಯರು ಒಮ್ಮೆ ನಿಂತು ಯೋಚಿಸುವುದು ಒಳ್ಳೆಯದು.

ಇಲ್ಲಿ ವೈಯಕ್ತಿಕ ಕ್ರೀಡೆಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ತಂಡದ ಆಟದಲ್ಲಿ ಒಬ್ಬನ ತಪ್ಪನ್ನು ಇನ್ನೊಬ್ಬ ಮುಚ್ಚಬಹುದು. ಕುಸ್ತಿ, ಬ್ಯಾಡ್ಮಿಂಟನ್, ಓಟ, ಬಿಲಿಯರ್ಡ್ಸ್ ಮೊದಲಾದವುಗಳಲ್ಲಿ ಆ ಅನುಕೂಲವಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸುವವನ ಪರವಾಗಿ ಮತ್ತೊಬ್ಬರು ಪೂಜಿಸಲಾಗದಂತೆ, ಅಂಕಣಕ್ಕಿಳಿದವನ ಪರವಾಗಿ ಮತ್ತೊಬ್ಬರು ಆಡಲಾಗದು. ಅಲ್ಲಿ ಕಾಣುವುದು ಅವನ ಸ್ವಂತ ಸಾಧನೆ, ಅವನ ಸ್ವಂತ ಕೊರತೆ.

ನಮ್ಮ ನೆಲದ ಜಟ್ಟಿಗಳು

ದೂರದ ಹೆಸರುಗಳಿಗೆ ಹೋಗುವ ಮುನ್ನ ಹತ್ತಿರದಿಂದಲೇ ಆರಂಭಿಸೋಣ. ಪ್ರತಿವರ್ಷ ವಿಜಯದಶಮಿಯಂದು ಮೈಸೂರಿನ ಅಂಬಾವಿಲಾಸ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುವುದು ಎಲ್ಲರಿಗೂ ತಿಳಿದ ವಿಷಯ. ಅದರಲ್ಲಿ ಸೆಣಸುವ ಜಟ್ಟಿಗಳು ಮೈಸೂರು, ಬೆಂಗಳೂರು, ಚನ್ನಪಟ್ಟಣ ಮತ್ತು ನಮ್ಮ ಚಾಮರಾಜನಗರದಿಂದ ಬರುವವರು. ಅರಿಕುಠಾರವೆಂಬ ಹಳೆಯ ಹೆಸರಿನ ಈ ಊರಿಗೂ ಮೈಸೂರು ಅರಸು ಮನೆತನಕ್ಕೂ ಇರುವ ನಂಟಿನಲ್ಲಿ ಈ ಮಲ್ಲವಿದ್ಯೆಯೂ ಒಂದು ಎಳೆ.

ತಲೆ ಬೋಳಿಸಿಕೊಂಡ ಜಟ್ಟಿಗಳು ಬಲಗೈ ಮುಷ್ಟಿಗೆ ಆಯುಧ ಧರಿಸಿ ಎದುರುಬದುರಾಗುತ್ತಾರೆ. ಇಬ್ಬರಲ್ಲಿ ಒಬ್ಬರ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಅನೇಕ ವೇಳೆ ಅದು ಒಂದು ನಿಮಿಷವೂ ನಡೆಯುವುದಿಲ್ಲ. ಆ ಕೆಲವು ಕ್ಷಣಗಳಿಗಾಗಿ ಜಟ್ಟಿ ತಿಂಗಳುಗಟ್ಟಲೆ ವ್ರತದಂತೆ ಸಾಮು ಮಾಡಿರುತ್ತಾನೆ. ಕಾಳಗ ಮುಗಿದ ಮೇಲೆ ವಿಜಯಯಾತ್ರೆ, ಬನ್ನಿಪೂಜೆ ಮುಂದುವರಿಯುತ್ತವೆ. ಇಲ್ಲಿ ಗೆದ್ದವರನ್ನು ವಿಶ್ವದ ಮೊದಲನೆಯವರು, ಎರಡನೆಯವರು ಎಂದು ಎಣಿಸುವ ಪಟ್ಟಿಯೇನೂ ಇಲ್ಲ. ಆದರೂ ಆ ವಿದ್ಯೆ ತಂದೆಯಿಂದ ಮಗನಿಗೆ ದಾಟಿ ಉಳಿದು ಬಂದಿದೆ. ಪಟ್ಟಿಯಿಲ್ಲದ ಕಡೆಯೂ ಹಿರಿಮೆ ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ದಸರಾ ಕುಸ್ತಿಗೆ ಮುನ್ನ 'ಜೋಡಿ ಕಟ್ಟುವ' ಪದ್ಧತಿಯೊಂದಿದೆ. ಯಾವ ಪೈಲ್ವಾನನಿಗೆ ಯಾರು ಸರಿಜೋಡಿ ಎಂಬುದನ್ನು ಹಿರಿಯ ಉಸ್ತಾದರು ಮೈಕಟ್ಟು, ವಯಸ್ಸು, ಹಿಂದಿನ ಕುಸ್ತಿಗಳನ್ನು ನೋಡಿ ತೀರ್ಮಾನಿಸುತ್ತಾರೆ. ಸರಿಸಮಾನನಲ್ಲದವನನ್ನು ಕೆಡವಿದರೆ ಅದನ್ನು ಗೆಲುವೆಂದು ಗರಡಿಯವರು ಹೆಮ್ಮೆಪಡುವುದಿಲ್ಲ. ಎದುರಾಳಿಯ ತೂಕವೇ ಗೆಲುವಿನ ತೂಕ. ಹಿರಿಮೆಯ ಕುರಿತ ವಾದಗಳಲ್ಲಿ ನಾವು ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಎಷ್ಟು ಗೆದ್ದ ಎಂಬುದರ ಜೊತೆಗೆ, ಯಾರ ಎದುರು ಗೆದ್ದ?

ಎಣಿಕೆಯ ಅಳತೆ

ಕರ್ನಾಟಕದ ವೈಯಕ್ತಿಕ ಕ್ರೀಡಾಪಟುಗಳಲ್ಲಿ ಅಗ್ರಸ್ಥಾನ ಯಾರಿಗೆ ಎಂಬ ಮಾತು ಬಂದಾಗ ಎರಡು ಹೆಸರುಗಳು ತಪ್ಪದೆ ಕೇಳಿಬರುತ್ತವೆ. ಒಂದು ಪ್ರಕಾಶ್ ಪಡುಕೋಣೆ. ಇನ್ನೊಂದು ಪಂಕಜ್ ಅಡ್ವಾಣಿ.

1985ರಲ್ಲಿ ಪುಣೆಯಲ್ಲಿ ಜನಿಸಿದ ಪಂಕಜ್ ಬೆಂಗಳೂರಿನಲ್ಲಿ ಬೆಳೆದು, ಅರವಿಂದ್ ಸವೂರ್ ಅವರಲ್ಲಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಅಭ್ಯಾಸ ಮಾಡಿದವರು. 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. 2005ರಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಅಂಕಗಳ ಪದ್ಧತಿ ಮತ್ತು ಕಾಲಮಿತಿ ಪದ್ಧತಿಗಳೆರಡರಲ್ಲೂ ಪ್ರಶಸ್ತಿ ಪಡೆದರು. 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ತಂದರು. 2024ರ ನವೆಂಬರ್ ವೇಳೆಗೆ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28ಕ್ಕೆ ಏರಿತ್ತು. ಎಣಿಕೆಯೊಂದೇ ಅಳತೆಯಾದರೆ ವಾದ ಇಲ್ಲಿಗೇ ಮುಗಿಯಬೇಕು.

ಪ್ರಕಾಶರ ಪಟ್ಟಿ ಇದಕ್ಕಿಂತ ಚಿಕ್ಕದು. 1955ರಲ್ಲಿ ಜನಿಸಿದ ಅವರಿಗೆ ಮೊದಲ ಗುರು ತಂದೆ ರಮೇಶ್ ಪಡುಕೋಣೆ. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆಮಂಟಪವೇ ಅವರ ಆಟದ ಅಂಕಣ. ಮದುವೆಯಿದ್ದ ದಿನ ಅಭ್ಯಾಸವಿಲ್ಲ. 1962ರಲ್ಲಿ ರಾಜ್ಯ ಕಿರಿಯರ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತ ಬಾಲಕ ಎರಡು ವರ್ಷಗಳ ನಂತರ ಅದೇ ಪ್ರಶಸ್ತಿಯನ್ನು ಗೆದ್ದ. ಮುಂದೆ 1979ರವರೆಗೆ ಸತತ 9 ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿ, 1978ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 1980ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಪಂದ್ಯಾವಳಿಗಳ ಬೆನ್ನಲ್ಲೇ ಆಲ್ ಇಂಗ್ಲೆಂಡ್ ಪ್ರಶಸ್ತಿ ಬಂತು. ಅಂತಿಮ ಪಂದ್ಯದಲ್ಲಿ ಎದುರಿಗಿದ್ದವರು ಹಿಂದಿನ ಎರಡು ವರ್ಷಗಳ ವಿಜೇತ, ಇಂಡೊನೇಷ್ಯಾದ ಲಿಮ್ ಸ್ವೀ ಕಿಂಗ್. ಅವರನ್ನು ಪ್ರಕಾಶ್ 15-3, 15-10ರಿಂದ ಮಣಿಸಿದರು. ಆ ಪ್ರಶಸ್ತಿ ಭಾರತಕ್ಕೆ ಬಂದದ್ದು ಅದೇ ಮೊದಲು.

ಗರಡಿಯ ಪ್ರಶ್ನೆಯನ್ನು ಇಲ್ಲಿ ಕೇಳಬೇಕು. ಬಿಲಿಯರ್ಡ್ಸನ್ನು ಉನ್ನತ ಮಟ್ಟದಲ್ಲಿ ಆಡುವ ದೇಶಗಳು ಕೆಲವೇ. ಅದು ಒಲಿಂಪಿಕ್ಸ್‌ನಲ್ಲಿಲ್ಲ, ಏಷ್ಯನ್ ಕ್ರೀಡಾಕೂಟದಲ್ಲಿ ಈ ಬಗೆಯ ಆಟಗಳಿಗೆ 1998ರಿಂದ 2010ರವರೆಗೆ ಸ್ಥಾನವಿತ್ತು. ಬ್ಯಾಡ್ಮಿಂಟನ್‌ನಲ್ಲಿ ಇಂಡೊನೇಷ್ಯಾ, ಚೀನಾ, ಮಲೇಷ್ಯಾ, ಡೆನ್ಮಾರ್ಕ್‌ಗಳಂತಹ ದೇಶಗಳಲ್ಲಿ ಮನೆಮನೆಯಲ್ಲೂ ಎದುರಾಳಿಗಳು ಹುಟ್ಟುತ್ತಾರೆ. ಆದ್ದರಿಂದ ಪ್ರಕಾಶರ ಒಂದು ಗೆಲುವಿನ ತೂಕ ಹೆಚ್ಚು ಎಂದು ಅನೇಕರು ವಾದಿಸುತ್ತಾರೆ. ಇದಕ್ಕೆ ಪಂಕಜ್ ಪರವಾದ ಉತ್ತರವೂ ಹಗುರವಾದುದಲ್ಲ. ಎದುರಾಳಿಗಳು ಕಡಿಮೆಯಿರಬಹುದು; ಆದರೆ 20 ವರ್ಷಗಳಿಗೂ ಮೀರಿ ಮನಸ್ಸನ್ನು ಅದೇ ಏಕಾಗ್ರತೆಯಲ್ಲಿ ನಿಲ್ಲಿಸುವುದು, ಸ್ವಭಾವದಲ್ಲಿ ಭಿನ್ನವಾದ ಬಿಲಿಯರ್ಡ್ಸ್, ಸ್ನೂಕರ್‌ಗಳೆರಡರಲ್ಲೂ ವಿಶ್ವವನ್ನು ಗೆಲ್ಲುವುದು ಸಾಮಾನ್ಯ ಮಾತೇ? ಜನಪ್ರಿಯವಲ್ಲದ ಆಟವನ್ನು ಆರಿಸಿಕೊಂಡು ಅದರಲ್ಲೇ ನಿಷ್ಠೆಯಿಂದ ದುಡಿದವನನ್ನು, ಆಟ ಜನಪ್ರಿಯವಲ್ಲವೆಂಬ ಕಾರಣಕ್ಕೆ ಕಡಿಮೆಯೆಣಿಸುವುದು ಕಾಯಕದಲ್ಲಿ ಮೇಲು-ಕೀಳು ಎಣಿಸಿದಂತೆ. ಶರಣಧರ್ಮ ಅದನ್ನು ಒಪ್ಪುವುದಿಲ್ಲ.

ಕಾಲದ ಅಳತೆ

ಎರಡನೆಯ ತೊಡಕು ಕಾಲದ್ದು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜೆಸ್ಸಿ ಓವೆನ್ಸ್ 100 ಮೀಟರ್ ದೂರವನ್ನು 10.3 ಸೆಕೆಂಡುಗಳಲ್ಲಿ ಓಡಿ, ಒಟ್ಟು 4 ಚಿನ್ನದ ಪದಕಗಳನ್ನು ಗೆದ್ದರು. 2009ರಲ್ಲಿ ಅದೇ ಬರ್ಲಿನ್ ಕ್ರೀಡಾಂಗಣದಲ್ಲಿ ಜಮೈಕಾದ ಉಸೇನ್ ಬೋಲ್ಟ್ ಅಷ್ಟೇ ದೂರವನ್ನು 9.58 ಸೆಕೆಂಡುಗಳಲ್ಲಿ ಮುಟ್ಟಿದರು. ನಡುವೆ ಸಂದದ್ದು 73 ವರ್ಷ, ಅಂತರ 0.72 ಸೆಕೆಂಡು. ಗಡಿಯಾರ ಬೋಲ್ಟ್ ಅವರನ್ನು ಹಿರಿಯರೆನ್ನುತ್ತದೆ. ಆದರೆ ಓವೆನ್ಸ್ ಓಡಿದ್ದು ಕಿಟ್ಟದ ಪುಡಿ ಹಾಸಿದ ಹಾದಿಯಲ್ಲಿ. ಕಾಲೂರಿ ಚಿಮ್ಮಲು ಅಂದು ಒಲಿಂಪಿಕ್ಸ್‌ನಲ್ಲಿ ಆಸರೆಯ ಸಾಧನವಿರಲಿಲ್ಲ. ಓಟಗಾರರು ತಾವೇ ನೆಲದಲ್ಲಿ ಸಣ್ಣ ಗುಳಿ ತೋಡಿಕೊಳ್ಳುತ್ತಿದ್ದರು. ಗಡಿಯಾರಕ್ಕೆ ಇದು ಯಾವುದೂ ತಿಳಿಯದು.

ಪ್ರಕಾಶರ ವಿಷಯದಲ್ಲೂ ಕಾಲದ ಪ್ರಶ್ನೆ ಎದ್ದದ್ದುಂಟು. 1980ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಎರಡು ಸಂಸ್ಥೆಗಳಾಗಿ ಒಡೆದಿತ್ತು. ಚೀನಾದ ಆಟಗಾರರು ಆಲ್ ಇಂಗ್ಲೆಂಡ್‌ಗೆ ಬರುತ್ತಿರಲಿಲ್ಲ. 'ಚೀನೀಯರಿದ್ದಿದ್ದರೆ ಗೆಲ್ಲುತ್ತಿದ್ದರೇ?' ಎಂದು ಸಂಶಯಿಸಿದವರಿಗೆ ಪ್ರಕಾಶ್ ಮಾತಿನಿಂದ ಉತ್ತರಿಸಬೇಕಾಗಲಿಲ್ಲ. 1981ರಲ್ಲಿ ಸಂಸ್ಥೆಗಳು ಒಂದಾದವು. ಅದೇ ವರ್ಷ ಕ್ವಾಲಾಲಂಪುರದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು 15-0, 18-16ರಿಂದ ಅವರು ಸೋಲಿಸಿದರು. ಇದರ ಇನ್ನೊಂದು ಮುಖವನ್ನೂ ಮರೆಮಾಚಬಾರದು. 1981ರ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ ಅದೇ ಲಿಮ್ ಸ್ವೀ ಕಿಂಗ್ ಪ್ರಕಾಶರನ್ನು ಸೋಲಿಸಿ ಸೇಡು ತೀರಿಸಿಕೊಂಡರು. ಜಗತ್ತನ್ನು ಗೆದ್ದ 1980ರಲ್ಲೇ ಸ್ವದೇಶದಲ್ಲಿ ರಾಷ್ಟ್ರೀಯ ಪ್ರಶಸ್ತಿ ಕಿರಿಯರಾದ ಸೈಯದ್ ಮೋದಿ ಅವರ ಪಾಲಾಯಿತು. ಇಂಡೊನೇಷ್ಯಾದ ರೂಡಿ ಹಾರ್ಟೊನೊ ಆಲ್ ಇಂಗ್ಲೆಂಡನ್ನು 8 ಬಾರಿ ಗೆದ್ದಿದ್ದರೆಂಬುದೂ ನೆನಪಿರಬೇಕು. ಒಲಿಂಪಿಕ್ಸ್ ಪದಕವನ್ನೇ ಅಳತೆ ಎನ್ನುವವರಿಗೆ ಒಂದು ಮಾತು: ಬ್ಯಾಡ್ಮಿಂಟನ್‌ಗೆ ಒಲಿಂಪಿಕ್ಸ್‌ನಲ್ಲಿ ಪದಕ ದೊರೆಯತೊಡಗಿದ್ದು 1992ರಿಂದ. ಆ ಬಾಗಿಲು ತೆರೆಯುವ ವೇಳೆಗೆ ಪ್ರಕಾಶರ ಆಟದ ಕಾಲ ಮುಗಿದಿತ್ತು. ಇಲ್ಲದ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ವಿದ್ಯಾರ್ಥಿಯನ್ನು ದೂರುವುದು ನ್ಯಾಯವಲ್ಲ.

ಎಡರಿನ ಅಳತೆ

ಗೆದ್ದವನು ಎಲ್ಲಿಂದ ಹೊರಟನೆಂಬುದನ್ನು ನೋಡದೆ ಎಲ್ಲಿಗೆ ತಲುಪಿದನೆಂಬುದನ್ನಷ್ಟೇ ನೋಡುವುದು ಅರ್ಧ ಲೆಕ್ಕ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಹುಟ್ಟಿನಿಂದಲೇ ಎಡಗಾಲಿನ ಊನವುಳ್ಳವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಇಡೀ ಭಾರತಕ್ಕೆ ದೊರೆತದ್ದು ಅದೊಂದೇ ಪದಕ. ಹಾಸನದಲ್ಲೇ ಜನಿಸಿದ ಸುಹಾಸ್ ಯತಿರಾಜ್ ಉತ್ತರ ಪ್ರದೇಶದಲ್ಲಿ ಐ.ಎ.ಎಸ್. ಅಧಿಕಾರಿ. ಜಿಲ್ಲಾಡಳಿತದ ಹೊಣೆಯ ನಡುವೆ ಅಭ್ಯಾಸ ನಡೆಸಿ, ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗಳೆರಡರಲ್ಲೂ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಪಡೆದರು.

ಬೆಂಗಳೂರಿನ ಮಾಲತಿ ಹೊಳ್ಳ ಅವರ ಬದುಕು ಇನ್ನೂ ಮನಮುಟ್ಟುವಂಥದು. ಹಸುಗೂಸಾಗಿದ್ದಾಗ ಬಂದ ಜ್ವರದಿಂದ ಅವರ ದೇಹ ಪಾರ್ಶ್ವವಾಯುವಿಗೆ ತುತ್ತಾಯಿತು. ದೀರ್ಘಕಾಲದ ಚಿಕಿತ್ಸೆ, ಅನೇಕ ಶಸ್ತ್ರಚಿಕಿತ್ಸೆಗಳ ನಂತರವೂ ಗಾಲಿಕುರ್ಚಿ ಬಿಡಲಿಲ್ಲ. ಅದೇ ಕುರ್ಚಿಯಲ್ಲಿ ಕುಳಿತು ಅಂತರರಾಷ್ಟ್ರೀಯ ಪದಕಗಳನ್ನು ಗೆದ್ದು, ಅರ್ಜುನ ಪ್ರಶಸ್ತಿಗೂ 2001ರಲ್ಲಿ ಪದ್ಮಶ್ರೀಗೂ ಪಾತ್ರರಾದರು. ಅಷ್ಟಕ್ಕೇ ನಿಲ್ಲದೆ ಮಾತೃ ಫೌಂಡೇಷನ್ ಮೂಲಕ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ತಾನು ಗಳಿಸಿದುದನ್ನು ತನ್ನಂತಹವರಿಗೆ ಹಂಚುವುದನ್ನು ನಾವು ದಾಸೋಹವೆನ್ನುತ್ತೇವೆ. ಪದಕದ ಪಟ್ಟಿಯಲ್ಲಿ ಇದಕ್ಕೆ ಅಂಕಣವಿಲ್ಲ.

ಪರಂಪರೆಯ ಅಳತೆ

ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿ ನಮ್ಮ ಸಮಾಜಕ್ಕೆ ಪವಿತ್ರವಾದ ಊರು. ತೋಂಟದ ಸಿದ್ಧಲಿಂಗ ಯತಿಗಳು ಜನಿಸಿದ ಊರದು. ಗೋಸಲ ಚನ್ನಬಸವೇಶ್ವರರು ಅವರ ಗುರುಗಳು. ಸಿದ್ಧಲಿಂಗರನ್ನು ನೆನೆವಾಗ ಭಕ್ತರು 701 ವಿರಕ್ತರ ಸಮೂಹವನ್ನೂ ಜೊತೆಯಲ್ಲೇ ನೆನೆಯುತ್ತಾರೆ. ಗುರುವಿನ ಹಿರಿಮೆಯನ್ನು ಶಿಷ್ಯರಲ್ಲಿ ಕಾಣುವ ಈ ರೀತಿ ನಮ್ಮ ನೆಲದ್ದು. ಇದನ್ನೇ ಕ್ರೀಡೆಗೂ ಅನ್ವಯಿಸಿದರೆ ತಪ್ಪಾಗಲಾರದು.

ಪ್ರಕಾಶ್ 1994ರಲ್ಲಿ ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಅವರೊಡಗೂಡಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರ ತೆರೆದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಎರಡನೆಯ ಭಾರತೀಯರಾದರು. ಪ್ರಶಸ್ತಿಯ ಬೆನ್ನಲ್ಲೇ ಬಂದ ತಂಪುಪಾನೀಯದ ಜಾಹೀರಾತನ್ನು, ಮಕ್ಕಳ ಆರೋಗ್ಯಕ್ಕೆ ಒಳಿತಲ್ಲವೆಂದು ನಿರಾಕರಿಸಿದವರು ಇವರೇ. ಗೋಪಿಚಂದ್ ಹೈದರಾಬಾದಿನಲ್ಲಿ ಬೆಳೆಸಿದ ಸೈನಾ ನೆಹ್ವಾಲ್ 2012ರಲ್ಲಿ ಒಲಿಂಪಿಕ್ಸ್ ಕಂಚು ತಂದರು, ಪಿ.ವಿ. ಸಿಂಧು 2016ರಲ್ಲಿ ಬೆಳ್ಳಿ, 2019ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಪಡೆದರು. ಮಲ್ಲೇಶ್ವರದ ಮದುವೆಮಂಟಪದಲ್ಲಿ ಹಚ್ಚಿದ ದೀಪದಿಂದ ಹೀಗೆ ದೀಪಕ್ಕೆ ದೀಪ ಹತ್ತಿತು. 2001ರಲ್ಲಿ ಪ್ರಕಾಶ್ ಅವರೂ ಬಿಲಿಯರ್ಡ್ಸ್ ಪಟು ಗೀತ್ ಸೇಥಿ ಅವರೂ ಸೇರಿ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿ ಬೇರೆ ಬೇರೆ ಕ್ರೀಡೆಗಳ ಪ್ರತಿಭಾವಂತರಿಗೆ ನೆರವಾಗತೊಡಗಿದರು.

ನನ್ನ ಅಭಿಪ್ರಾಯವನ್ನು ಕೇಳಿದರೆ, ಎಣಿಕೆಯಲ್ಲಿ ಪಂಕಜ್ ಅವರೇ ಮುಂದು ಎಂದು ಒಪ್ಪಿಕೊಂಡೇ ಅಗ್ರಪೀಠವನ್ನು ಪ್ರಕಾಶರಿಗೆ ಕೊಡುತ್ತೇನೆ. ಬಲಿಷ್ಠ ಎದುರಾಳಿಗಳ ನಡುವೆ, ಹಿಂದೆ ಯಾರೂ ನಡೆಯದ ಹಾದಿಯಲ್ಲಿ ನಡೆದು, ಆ ಹಾದಿಯನ್ನು ಮುಂದಿನವರಿಗೆ ತೆರೆದಿಟ್ಟದ್ದು ಇದಕ್ಕೆ ಕಾರಣ. ಪಂಕಜ್ ಅವರ ಪರಂಪರೆ ಇನ್ನೂ ಮುಂದೆ ಬರೆಯಬೇಕಾದ ಪುಟ. ಅದನ್ನು ಓದಿದ ಮುಂದಿನ ಪೀಳಿಗೆ ಬೇರೆ ತೀರ್ಪು ಕೊಟ್ಟರೆ ಆಕ್ಷೇಪಿಸಲಾರೆ. ಓದುಗರು ಈಗಲೇ ಭಿನ್ನ ತೀರ್ಪು ಕೊಡಬಹುದು. ಕೊಡುವ ತೀರ್ಪಿಗೆ ಕಾರಣ ಹೇಳುವುದನ್ನು ಮಾತ್ರ ಮಕ್ಕಳಿಗೆ ಕಲಿಸೋಣ.

ನಮ್ಮ ಮನೆಗಳ ಮಾತು

ಇಷ್ಟೆಲ್ಲ ವಿಚಾರಕ್ಕೆ ನಮ್ಮ ಮನೆಗಳಲ್ಲಿ ಏನು ಪ್ರಯೋಜನ? ತಾಲ್ಲೂಕು ಕ್ರೀಡಾಕೂಟದಲ್ಲಿ ಎರಡನೆಯ ಸ್ಥಾನ ಪಡೆದು ಬಂದ ಮಗಳಿಗೆ "ಮೊದಲನೆಯದು ಯಾಕೆ ಬರಲಿಲ್ಲ?" ಎನ್ನುವ ಮನೆಗಳಿವೆ. "ಆಟದಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ಹತ್ತನೆಯ ತರಗತಿಗೆ ಬಂದೊಡನೆ ಆಟ ಬಿಡಿಸುವ ಮನೆಗಳೂ ಇವೆ. ಮೊದಲನೆಯದು ಎಣಿಕೆಯೊಂದನ್ನೇ ಹಿರಿಮೆಯೆಂದು ಭ್ರಮಿಸುವ ತಪ್ಪು. ಎರಡನೆಯದು ದೇಹಶ್ರಮದ ವಿದ್ಯೆಯನ್ನೇ ಕೀಳೆಂದು ಬಗೆಯುವ ತಪ್ಪು. ಮೊದಲ ಸುತ್ತಿನಲ್ಲೇ ಸೋತ ಬಾಲಕನ ಕೈಯಿಂದ ರಮೇಶ್ ಪಡುಕೋಣೆಯವರು ರ‍್ಯಾಕೆಟ್ ಕಸಿದುಕೊಂಡಿದ್ದರೆ 1980 ಬರುತ್ತಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದ ಶರಣಕುಟುಂಬವಿಲ್ಲ. ಪತಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬರುವಂತೆ ಆಕೆ ಹಿಂದಿರುಗಿಸಿದಳು. ರಾಶಿಯ ಗಾತ್ರಕ್ಕಿಂತ ಆಯುವ ಮನಸ್ಸಿನ ಶುದ್ಧಿ ಆಕೆಗೆ ಮುಖ್ಯವಾಗಿತ್ತು. ಗೆಲುವಿನ ರಾಶಿಗಾಗಿ ಮದ್ದು ಸೇವಿಸಿ ಸಿಕ್ಕಿಬಿದ್ದು ಪದಕ ಕಳೆದುಕೊಳ್ಳುವವರ ಸುದ್ದಿಯನ್ನು ಓದುವಾಗ ಈ ತಾಯಿಯನ್ನು ಮಕ್ಕಳಿಗೆ ನೆನಪಿಸಬೇಕು.

ಹಿರಿಮೆಯ ಹಿಂದೆ ಸಮಾಜದ ಕೈಯೂ ಇರುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಕುಸ್ತಿಪಟು ಖಾಶಾಬಾ ಜಾಧವರ ಪ್ರಯಾಣಕ್ಕೆ ಊರವರು ಹಣ ಕೂಡಿಸಿದರು. ಕೊಲ್ಲಾಪುರದ ರಾಜಾರಾಂ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಹೊಂದಿಸಿದರು. ಭಾರತಕ್ಕೆ ಅಂತಹ ಮುಂದಿನ ಪದಕ ಬಂದದ್ದು 44 ವರ್ಷಗಳ ಬಳಿಕ, 1996ರಲ್ಲಿ, ಲಿಯಾಂಡರ್ ಪೇಸ್ ಅವರಿಂದ. ನಮ್ಮ ಭಾಗದಲ್ಲೂ ಪೋಷಣೆಯ ಸಂಪ್ರದಾಯ ಅಳಿದಿಲ್ಲ. ಕಪಿಲಾ ತೀರದ ಸುತ್ತೂರು ಜಾತ್ರೆಯಲ್ಲಿ ಭಜನೆ, ದನಗಳ ಜಾತ್ರೆ, ಸಾಮೂಹಿಕ ವಿವಾಹಗಳ ಜೊತೆಗೆ ಕುಸ್ತಿಗೂ ಸ್ಥಾನವಿದೆ. ಶ್ರೀಮಠದ ನೆರಳಿನಲ್ಲಿ ಮಟ್ಟಿಯ ಮಣ್ಣಿಗೆ ದೊರೆಯುವ ಈ ಮರ್ಯಾದೆ ಸಣ್ಣದಲ್ಲ.

ಆದರೆ ಜಾತ್ರೆ ವರ್ಷಕ್ಕೊಮ್ಮೆ, ಸಾಮು ದಿನದಿನದ್ದು. ಹಲವು ಊರುಗಳ ಗರಡಿಮನೆಗಳಲ್ಲಿ ಇಂದು ಮಟ್ಟಿ ಅಗೆಯುವವರಿಲ್ಲ. ಅಂಕಗಳ ಕುಸ್ತಿ ಮ್ಯಾಟಿನ ಮೇಲೆ ಮೂರು ಮೂರು ನಿಮಿಷಗಳ ಎರಡು ಅವಧಿಯಲ್ಲಿ ಮುಗಿಯುವಂಥದು. ನಾಡಕುಸ್ತಿಯೋ ಮಣ್ಣಿನಲ್ಲಿ ಒಬ್ಬನ ಬೆನ್ನು ನೆಲ ಮುಟ್ಟುವವರೆಗೆ ನಡೆಯುವಂಥದು. ಎರಡನ್ನೂ ಕಲಿಸಬಲ್ಲ ಉಸ್ತಾದರು ಇರುವಾಗಲೇ ಕಲಿಯುವವರು ಬೇಕು. ಚಾಮರಾಜನಗರ, ಗುಂಡ್ಲುಪೇಟೆಗಳ ಸಮಾಜ ಬಾಂಧವರು ತಮ್ಮ ಊರಿನ ಗರಡಿಯ ಸೂರು ಸೋರುತ್ತಿದೆಯೇ, ಶಾಲೆಯ ಮೈದಾನ ಆಡಲು ಯೋಗ್ಯವಾಗಿದೆಯೇ, ಬಡವರ ಮನೆಯ ಓಟಗಾರ್ತಿಗೆ ಬೂಟು ಇದೆಯೇ ಎಂದು ಒಮ್ಮೆ ವಿಚಾರಿಸಲಿ. ಮನೆಯ ಮದುವೆ, ಗೃಹಪ್ರವೇಶಗಳ ಖರ್ಚಿನಲ್ಲಿ ಒಂದು ಚಿಕ್ಕ ಪಾಲು ಇದಕ್ಕೆ ಸಂದರೆ ಅದೂ ದಾಸೋಹವೇ.

ಜಗಲಿಯ ವಾದ ನಡೆಯಲಿ; ಅದರಲ್ಲಿ ಸೊಗಸೂ ಇದೆ, ತಿಳಿವೂ ಇದೆ. ಪ್ರಕಾಶ್ ದೊಡ್ಡವರೋ ಪಂಕಜ್ ದೊಡ್ಡವರೋ ಎಂದು ತಂದೆ-ಮಕ್ಕಳು ಮಾತನಾಡಿಕೊಳ್ಳಲಿ. ಬೆಳಗಾದ ಮೇಲೆ ಮಗ ಮಟ್ಟಿಗೋ, ಮಗಳು ಮೈದಾನಕ್ಕೋ ಹೊರಟಾಗ ತಂದೆತಾಯಿಗಳು ತಡೆಯದಿರಲಿ.